ಅಜ್ಜಿಯ ಹಲ್ಲಿನ ಡಬ್ಬಿ



ಕಳೆದ ಸಂಚಿಕೆಯಲ್ಲಿ ವಕ್ರದಂತಕ್ಕೆ ತಂತಿ ಕಟ್ಟಿಸಿಕೊಳ್ಳುವ ವಿಚಾರ ಬರೆದಿದ್ದೆ. ಸಂಘದ ವಾರ್ಷಿಕೋತ್ಸವದಲ್ಲಿ ಕಾಲೇಜು ಓದುವ ಒಬ್ಬ ಹುಡುಗಿ ನನ್ನನ್ನು ತಡೆದು ನಿಲ್ಲಿಸಿದಳು. "ಆಂಟಿ, ನಮ್ಮ ಹಲ್ಲಿನ ಬಗ್ಗೆ ಬರೆದ್ರಿ, ನಮ್ಮಜ್ಜಿ ಹಲ್ಲಿನ ಸೆಟ್ ಬಗ್ಗೆ ಯಾವಾಗ ಬರೀತೀರಿ? ಅವರು ಅದನ್ನ ರಾತ್ರಿ ಕೂಡ ತೆಗೆಯೋದೇ ಇಲ್ಲ" ಎಂದಳು. ನಾನು ನಕ್ಕು, "ಬರೀತೀನಮ್ಮಾ" ಎಂದೆ. ಆದರೆ ಮನೆಗೆ ಹೋಗುವ ಲೋಕಲ್ ರೈಲಿನಲ್ಲಿ ಕೂತಾಗ ಆ ಮಾತು ಮನಸ್ಸನ್ನು ಚುಚ್ಚುತ್ತಲೇ ಇತ್ತು. ದೀಪದ ಕೆಳಗೆ ಕತ್ತಲೆ ಎಂಬ ಮಾತನ್ನು ನೀವು ಕೇಳಿರಬಹುದು. ದಂತವೈದ್ಯೆಯಾದ ನನ್ನ ಮನೆಯಲ್ಲೇ ಆರು ವರ್ಷ ಆ ಕತ್ತಲೆ ಇತ್ತು. ಇಂದು ಆ ಕಥೆಯಿಂದಲೇ ಪ್ರಾರಂಭಿಸುತ್ತೇನೆ. ಕಥೆಯಲ್ಲಿ ಬರುವ ನನ್ನ ಮಗನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ನಮ್ಮದು ಡೊಂಬಿವಲಿಯಲ್ಲಿ ಒಂದು ಬೆಡ್‌ರೂಮಿನ ಮನೆ. ಮಾವನವರು ತೀರಿಕೊಂಡ ಮೇಲೆ, 2008ರಲ್ಲಿ, ಅತ್ತೆಯವರು ಧಾರವಾಡದಿಂದ ನಮ್ಮ ಬಳಿಗೆ ಬಂದರು. ಬರುವ ಮೊದಲೇ ಊರಿನಲ್ಲಿ ಮೇಲೂ ಕೆಳಗೂ ಪೂರ್ತಿ ಹಲ್ಲು ಕಟ್ಟಿಸಿಕೊಂಡಿದ್ದರು. ಹಾಲಿನಲ್ಲಿ ಅವರಿಗೊಂದು ಮಂಚ, ಪಕ್ಕದಲ್ಲಿ ನನ್ನ ಮಗನ ಹಾಸಿಗೆ. ರಾತ್ರಿ ಅವನಿಗೆ ಕಥೆ ಹೇಳಿ ಮಲಗಿಸುತ್ತಿದ್ದವರು ಅವರೇ. ಅವನಿಗೆ ಬರುವ ಕನ್ನಡವೆಲ್ಲ ಆ ಮಂಚದಿಂದ ಬಂದದ್ದು.

ಕೆಲವು ವರ್ಷ ಕಳೆದ ಮೇಲೆ ಅತ್ತೆಯವರಲ್ಲಿ ಬದಲಾವಣೆ ಕಾಣಿಸಿತು. ಮೊದಲು ಶೇಂಗಾ ಚಟ್ನಿ ಬಿಟ್ಟರು. ಕೇಳಿದರೆ "ಖಾರ ಸೇರೂದಿಲ್ಲ" ಎಂದರು. ಆಮೇಲೆ ರೊಟ್ಟಿ ಬಿಟ್ಟರು. ಚಹಾದಲ್ಲಿ ಅದ್ದಿದ ಬಿಸ್ಕತ್ತು, ಮೆತ್ತಗಿನ ಅನ್ನ, ಇಷ್ಟೇ ಊಟ. ಧಾರವಾಡದ ತಂಗಿಯ ಫೋನು ಬಂದರೂ "ಹೂಂ, ಹೂಂ" ಎಂದು ಎರಡು ಮಾತಿನಲ್ಲಿ ಮುಗಿಸುತ್ತಿದ್ದರು. ಕಥೆಗಳೂ ನಿಂತವು. ವಯಸ್ಸಾಯಿತು, ಊರಿನ ನೆನಪು ಕಾಡುತ್ತಿರಬೇಕು ಎಂದು ನಾವು ಅಂದುಕೊಂಡೆವು. ನಾನು ಬೆಳಿಗ್ಗೆ ಲೋಕಲ್ ಹಿಡಿದು ಹೋಗಿ ಊರವರ ಬಾಯಿಗಳನ್ನೆಲ್ಲ ನೋಡಿ ರಾತ್ರಿ ಮನೆಗೆ ಬರುತ್ತಿದ್ದೆ. ಅತ್ತೆಯವರ ಬಾಯಿ ನೋಡಲಿಲ್ಲ. ಒಮ್ಮೆ ಕೇಳಿದಾಗ, "ನನಗೇನಾಗೇದ? ಚೊಲೋ ಇದ್ದೀನಿ" ಎಂದುಬಿಟ್ಟರು. ನಾನೂ ಒತ್ತಾಯಿಸಲಿಲ್ಲ.

2018ರ ಮಳೆಗಾಲದಲ್ಲಿ ಅವರಿಗೆ ಜ್ವರ, ಕೆಮ್ಮು ಶುರುವಾಗಿ ಎರಡು ದಿನದಲ್ಲಿ ಉಸಿರಾಟ ಕಷ್ಟವಾಯಿತು. ಆಸ್ಪತ್ರೆಗೆ ಸೇರಿಸಿದೆವು. ನ್ಯುಮೋನಿಯಾ ಎಂದರು. ಹಲ್ಲಿನ ಸೆಟ್ ತೆಗೆಯಬೇಕೆಂದು ನರ್ಸ್ ಹೇಳಿದಾಗ ಅತ್ತೆಯವರು ನನ್ನ ಕೈ ಹಿಡಿದು ಏದುಸಿರಿನಲ್ಲೇ, "ಹುಡುಗ ಇದ್ದಾನೇನು? ಅವನ್ನ ಹೊರಗ ಕಳಸು" ಎಂದರು. ಅವನು ಹೊರಗೆ ಹೋದ ಮೇಲೇ ಬಾಯಿ ತೆರೆದರು. ಸೆಟ್ಟಿನ ಒಳಮೈಯಲ್ಲಿ ಲೋಳೆಯ ದಪ್ಪ ಪದರ, ಕೆಟ್ಟ ವಾಸನೆ. ಅಂಗುಳ ಸೆಟ್ಟಿನ ಅಂಚಿನವರೆಗೂ ಅಚ್ಚು ಒತ್ತಿದ ಹಾಗೆ ಕೆಂಪಾಗಿತ್ತು. ತುಟಿಯ ಎರಡೂ ಮೂಲೆ ಒಡೆದಿತ್ತು. ಅಷ್ಟು ದಿನ ಒಂದೇ ಮನೆಯಲ್ಲಿದ್ದೂ ನನಗೆ ಕಂಡಿರಲಿಲ್ಲ.

ಗುಣವಾಗಿ ಮನೆಗೆ ಬಂದ ಮೇಲೆ ಮೆಲ್ಲಗೆ ಕೇಳಿದೆ. ಆಗ ಹೇಳಿದರು. 2012ರಲ್ಲಿ ಮಗನಿಗೆ ಎಂಟು ವರ್ಷ. ಒಂದು ರಾತ್ರಿ ನೀರು ಕುಡಿಯಲು ಎದ್ದವನು ಸ್ಟೀಲ್ ಲೋಟದಲ್ಲಿ ನೆನೆಹಾಕಿದ್ದ ಹಲ್ಲುಗಳನ್ನೂ, ಪಕ್ಕದಲ್ಲಿ ಮಲಗಿದ್ದ ಅಜ್ಜಿಯ ಬೊಚ್ಚು ಬಾಯಿಯನ್ನೂ ನೋಡಿ ಬಿದ್ದು ಬಿದ್ದು ನಕ್ಕನಂತೆ. ಮರುದಿನ ಬಿಲ್ಡಿಂಗಿನ ಗೆಳೆಯರಿಗೆ ಹೇಳಿದ. ಮಕ್ಕಳು ಬಂದು, "ಅಜ್ಜೀ, ಹಲ್ಲು ತೆಗೆದು ತೋರಿಸಿ" ಎಂದು ಕುಣಿದರು. ಆ ರಾತ್ರಿಯಿಂದ ಅತ್ತೆಯವರು ಸೆಟ್ ತೆಗೆಯಲಿಲ್ಲ. ಸ್ನಾನಕ್ಕೆ ಹೋದಾಗ ಗಡಿಬಿಡಿಯಲ್ಲಿ ತೊಳೆದು ಮತ್ತೆ ಹಾಕಿಕೊಳ್ಳುತ್ತಿದ್ದರು. "ಮೊಮ್ಮಗ ನಕ್ಕರ ನಗಲಿ. ಖರೆ, ಎಲ್ಲಾರ ಮುಂದ ನಾಚಿಕಿ ಬರ್ತದ" ಎಂದರು. ಮಗನಿಗೆ ಆ ಘಟನೆ ನೆನಪೇ ಇರಲಿಲ್ಲ.

ಮಿತ್ರರೇ, ಮಗುವಿನ ನಗುವಿನಲ್ಲಿ ಕೆಟ್ಟ ಬುದ್ಧಿ ಇರಲಿಲ್ಲ. ಆದರೆ ಒಂದು ಕೋಣೆಯಲ್ಲಿ ನಾಲ್ಕು ಜನ ಇರುವ ನಮ್ಮ ನಗರದ ಮನೆಗಳಲ್ಲಿ, ವಯಸ್ಸಾದವರಿಗೆ ಹಲ್ಲು ಬಿಚ್ಚಿಡಲು ಮರೆಯ ಜಾಗವೂ ಇಲ್ಲ, ಧೈರ್ಯವೂ ಇಲ್ಲ. ಅವರ ಪಕ್ಕದಲ್ಲಿ ಮಲಗುವವರು ಹೆಚ್ಚಾಗಿ ನೀವೇ. ಆದ್ದರಿಂದ ಈ ಲೇಖನ ನಿಮಗೆ, ನಿಮ್ಮ ಅಜ್ಜ ಅಜ್ಜಿಯರಿಗಲ್ಲ.

ಸೆಟ್ ಅಂದರೇನು?

ಮರಾಠಿಯಲ್ಲಿ 'ಕವಳಿ', ಪುಸ್ತಕದ ಕನ್ನಡದಲ್ಲಿ 'ಕೃತಕ ದಂತಪಂಕ್ತಿ', ವೈದ್ಯರ ಬಾಯಲ್ಲಿ 'ಡೆಂಚರ್', ಮನೆಮಾತಿನಲ್ಲಿ 'ಸೆಟ್'. ಎಲ್ಲ ಹಲ್ಲು ಬಿದ್ದವರಿಗೆ ಪೂರ್ಣ ಸೆಟ್, ಕೆಲವು ಬಿದ್ದವರಿಗೆ ಭಾಗಶಃ ಸೆಟ್. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1789ರಲ್ಲಿ ಅಧಿಕಾರ ವಹಿಸಿಕೊಂಡಾಗ ಅವರ ಬಾಯಲ್ಲಿ ಉಳಿದಿದ್ದುದು ಒಂದೇ ಸ್ವಂತ ಹಲ್ಲು. ಅವರು ಮರದ ಹಲ್ಲು ಹಾಕುತ್ತಿದ್ದರೆಂಬುದು ಕಟ್ಟುಕಥೆ. ಅವರ ಸೆಟ್ಟುಗಳಲ್ಲಿದ್ದದ್ದು ನೀರಾನೆಯ ದಂತ, ಪ್ರಾಣಿಗಳ ಹಲ್ಲು, ಮನುಷ್ಯರ ಹಲ್ಲು ಮತ್ತು ಸೀಸ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಗಟ್ಟಿ ರಬ್ಬರಿನ ಸೆಟ್ ಬಂತು. 1930ರ ದಶಕದಿಂದೀಚೆಗೆ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ ಬಳಕೆಗೆ ಬಂತು. ನಿಮ್ಮ ಅಜ್ಜಿಯ ಸೆಟ್ಟಿನ ಗುಲಾಬಿ ಬಣ್ಣದ ಭಾಗ ಹೆಚ್ಚಾಗಿ ಅದೇ.

ಅಕ್ರಿಲಿಕ್ ಕಣ್ಣಿಗೆ ನುಣುಪಾಗಿ ಕಂಡರೂ ಅದರ ಮೈಯಲ್ಲಿ ಸೂಕ್ಷ್ಮವಾದ ರಂಧ್ರಗಳಿರುತ್ತವೆ. ಅಲ್ಲಿ ಬ್ಯಾಕ್ಟೀರಿಯಾಗಳೂ, ಕ್ಯಾಂಡಿಡಾ ಎಂಬ ಶಿಲೀಂಧ್ರವೂ ಮನೆ ಮಾಡುತ್ತವೆ. ಕ್ಯಾಂಡಿಡಾ ನಮ್ಮಲ್ಲಿ ಅನೇಕರ ಬಾಯಲ್ಲಿ ಸುಮ್ಮನೆ ಇರುವಂಥದ್ದೇ. ಆದರೆ ಹಗಲೂ ರಾತ್ರಿ ಮುಚ್ಚಿದ ಅಂಗುಳಕ್ಕೆ ಲಾಲಾರಸ ತಾಗುವುದಿಲ್ಲ, ನಾಲಗೆ ಸವರುವುದಿಲ್ಲ. ಆ ಬೆಚ್ಚಗಿನ ಜಾಗದಲ್ಲಿ ಶಿಲೀಂಧ್ರ ಹಬ್ಬುತ್ತದೆ, ಅಂಗುಳ ಕೆಂಪಾಗುತ್ತದೆ. ಎಷ್ಟೋ ಜನರಿಗೆ ಇದರಿಂದ ನೋವೇ ಇರುವುದಿಲ್ಲ. ಕೆಲವರಿಗೆ ಉರಿ, ರುಚಿ ಕೆಡುವುದು, ತುಟಿಯ ಮೂಲೆ ಒಡೆಯುವುದು ಕಾಣುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೂ, ಔಷಧಗಳಿಂದ ಬಾಯಿ ಒಣಗುವವರಿಗೂ ಇದು ಬೇಗ ಅಂಟಿಕೊಳ್ಳುತ್ತದೆ. ಇದಕ್ಕೆ ಔಷಧವಿದೆ. ಆದರೆ ಬಾಯಿಗೆ ಔಷಧ ಹಚ್ಚಿ ಸೆಟ್ಟನ್ನು ಶುದ್ಧ ಮಾಡದಿದ್ದರೆ ರೋಗ ಮತ್ತೆ ಮರಳುತ್ತದೆ.

ರಾತ್ರಿ ತೆಗೆಯಲೇಬೇಕು

ಜಪಾನಿನ ಟೋಕಿಯೋದಲ್ಲಿ 85 ವರ್ಷ ದಾಟಿದ 524 ಮಂದಿಯನ್ನು ಮೂರು ವರ್ಷ ಗಮನಿಸಿ ಸಂಶೋಧಕರು 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಲಗುವಾಗ ಸೆಟ್ ಹಾಕಿಕೊಂಡೇ ಇರುತ್ತಿದ್ದವರಲ್ಲಿ ನ್ಯುಮೋನಿಯಾದ ಅಪಾಯ ಸುಮಾರು ಎರಡು ಪಟ್ಟು ಹೆಚ್ಚಿತ್ತು. ನಿದ್ದೆಯಲ್ಲಿ ಬಾಯಿಯ ದ್ರವ ಸ್ವಲ್ಪ ಸ್ವಲ್ಪ ಶ್ವಾಸನಾಳಕ್ಕೆ ಇಳಿಯುತ್ತದೆ. ಅದರ ಜತೆ ಸೆಟ್ಟಿನ ಮೇಲಿನ ರೋಗಾಣುಗಳೂ ಇಳಿಯಬಹುದು. ನಮ್ಮ ಅತ್ತೆಯವರ ನ್ಯುಮೋನಿಯಾಕ್ಕೆ ಸೆಟ್ಟೇ ಕಾರಣವೆಂದು ನಾನು ಆಣೆಯಿಟ್ಟು ಹೇಳಲಾರೆ, ಆಸ್ಪತ್ರೆಯ ವೈದ್ಯರೂ ಹಾಗೆ ಹೇಳಲಿಲ್ಲ. ಆದರೆ ಆ ಲೋಳೆಯ ಪದರ ಕಂಡ ಮೇಲೆ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಆದ್ದರಿಂದ ಮೊದಲ ನಿಯಮ: ದಿನಕ್ಕೆ ಆರರಿಂದ ಎಂಟು ಗಂಟೆ ಬಾಯಿಗೆ ವಿಶ್ರಾಂತಿ ಬೇಕು. ಅದಕ್ಕೆ ರಾತ್ರಿಯೇ ಸರಿಯಾದ ಸಮಯ. ತೆಗೆದ ಸೆಟ್ಟನ್ನು ಹಾಗೇ ಒಣಗಲು ಬಿಡಬಾರದು, ಆಕಾರ ಕೆಡುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿ ತಣ್ಣೀರು ಹಾಕಿ ಅದರಲ್ಲಿ ಮುಳುಗಿಸಿಡಬೇಕು. ನೀರನ್ನು ದಿನವೂ ಬದಲಿಸಬೇಕು, ಡಬ್ಬಿಯನ್ನೂ ತೊಳೆಯಬೇಕು.

ತೊಳೆಯುವ ಕ್ರಮ

ಊಟವಾದ ಮೇಲೆ ಸೆಟ್ಟನ್ನು ನೀರಿನಲ್ಲಿ ಗಲಬರಿಸಬೇಕು. ದಿನಕ್ಕೊಮ್ಮೆಯಾದರೂ ಮೆತ್ತನೆಯ ಬ್ರಷ್ಷಿನಿಂದ ಉಜ್ಜಬೇಕು. ಕೈ ತೊಳೆಯುವ ಸಾಬೂನು ಅಥವಾ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಸಾಕು. ನಾವು ಬಳಸುವ ಟೂತ್‌ಪೇಸ್ಟ್ ಬೇಡ. ಅದರಲ್ಲಿರುವ ಉಜ್ಜುವ ಪುಡಿ ಹಲ್ಲಿಗೆ ಸರಿ, ಆದರೆ ಅಕ್ರಿಲಿಕ್ಕಿನಲ್ಲಿ ಗೀರು ಬೀಳಿಸುತ್ತದೆ. ಗೀರಿನಲ್ಲಿ ಮತ್ತೆ ರೋಗಾಣು ಕೂರುತ್ತದೆ. ಹಲ್ಲುಪುಡಿ, ಇದ್ದಿಲು, ಉಪ್ಪು, ಬೂದಿ ಇವಂತೂ ಬೇಡವೇ ಬೇಡ. ಹೊಳೆಯುವ ಹೊರಮೈಗಿಂತ ವಸಡಿಗೆ ತಾಗುವ ಒಳಮೈಯನ್ನು ಹೆಚ್ಚು ಗಮನವಿಟ್ಟು ಉಜ್ಜಿ.

ಕುದಿಯುವ ನೀರಿಗೆ ಹಾಕಬೇಡಿ. 'ಕ್ರಿಮಿ ಸಾಯಲಿ' ಎಂದು ನಮ್ಮ ಹಿರಿಯರು ಎಲ್ಲವನ್ನೂ ಕುದಿಸುತ್ತಾರೆ. ಸೆಟ್ ಕುದಿಸಿದರೆ ಸೊಟ್ಟಗಾಗುತ್ತದೆ, ಮತ್ತೆ ಬಾಯಿಗೆ ಕೂರುವುದಿಲ್ಲ. ತೊಳೆಯುವಾಗ ಬೇಸಿನ್ನಿನಲ್ಲಿ ಅರ್ಧ ನೀರು ತುಂಬಿಸಿ, ಇಲ್ಲವೇ ಮಡಚಿದ ಟವೆಲ್ ಹಾಸಿ. ಅಜ್ಜಿಯ ನಡುಗುವ ಕೈಯಿಂದ ಜಾರಿ ಬಿದ್ದರೆ ಮುರಿಯುವುದಿಲ್ಲ.

ಔಷಧದಂಗಡಿಯಲ್ಲಿ ಸೆಟ್ ನೆನೆಹಾಕುವ ಮಾತ್ರೆ ಸಿಗುತ್ತದೆ. ಅದು ನೀರಿನಲ್ಲಿ ನೊರೆಯೆದ್ದು ಕರಗುತ್ತದೆ. ಪೊಟ್ಟಣದ ಮೇಲೆ ಬರೆದಷ್ಟೇ ಹೊತ್ತು ನೆನೆಸಿ, ಆಮೇಲೆ ಚೆನ್ನಾಗಿ ತೊಳೆದು ಬಾಯಿಗೆ ಹಾಕಬೇಕು. ಆದರೆ ಒಂದು ಎಚ್ಚರಿಕೆ: ಅದು ನುಂಗುವ ಮಾತ್ರೆಯಲ್ಲ. ಕಣ್ಣು ಮಂಜಾದವರು ಬಿ.ಪಿ. ಮಾತ್ರೆಯೆಂದು ನುಂಗಿದರೆ ಅನಾಹುತ. ಅದನ್ನು ಔಷಧದ ಪೆಟ್ಟಿಗೆಯಲ್ಲಿಡದೆ ಬೇರೆ ಕಡೆ ಇಡುವ ಕೆಲಸ ನಿಮ್ಮದು.

ಹಲ್ಲಿಲ್ಲದ ಬಾಯಿಯನ್ನೂ ತೊಳೆಯಬೇಕು. ಮೆತ್ತನೆಯ ಬ್ರಷ್ಷಿನಿಂದಲೋ ಒದ್ದೆ ಬಟ್ಟೆಯಿಂದಲೋ ವಸಡು, ಅಂಗುಳ, ನಾಲಗೆಯನ್ನು ಮೃದುವಾಗಿ ಒರೆಸಬೇಕು. ಭಾಗಶಃ ಸೆಟ್ ಇರುವವರ ಸ್ವಂತ ಹಲ್ಲುಗಳಿಗೆ, ಅದರಲ್ಲೂ ಕೊಕ್ಕೆ ಹಿಡಿದ ಹಲ್ಲುಗಳಿಗೆ, ಹುಳುಕು ಬೇಗ ಹತ್ತುತ್ತದೆ. ಅವನ್ನು ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆರಡು ಬಾರಿ ಉಜ್ಜಬೇಕು. ಆ ಹಲ್ಲು ಹೋದರೆ ಸೆಟ್ಟಿಗೆ ಆಧಾರವೂ ಹೋಯಿತು.

ಸೆಟ್ ಸಡಿಲವಾಗುವುದೇಕೆ?

"ಹೊಸದಾಗಿ ಹಾಕಿಸಿದಾಗ ಸರಿಯಾಗಿತ್ತು, ಈಗ ಲಟಲಟ ಅನ್ನುತ್ತದೆ" ಎಂದು ಹಿರಿಯರು ಗೊಣಗುವುದನ್ನು ಕೇಳಿರುತ್ತೀರಿ. ಸೆಟ್ ಬದಲಾಗಿರುವುದಿಲ್ಲ, ದವಡೆ ಬದಲಾಗಿರುತ್ತದೆ. ಹಲ್ಲು ಹೋದ ಜಾಗದ ಮೂಳೆ ವರ್ಷ ವರ್ಷವೂ ಸವೆಯುತ್ತದೆ. ಮೊದಲ ವರ್ಷ ಅತಿ ಹೆಚ್ಚು. ಕೆಳದವಡೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಸವೆಯುತ್ತದೆಂದು 1972ರಲ್ಲಿ ಪ್ರಕಟವಾದ ದೀರ್ಘಕಾಲದ ಅಧ್ಯಯನವೊಂದು ತೋರಿಸಿತು. ಸಾಲದ್ದಕ್ಕೆ ಕೆಳಗಿನ ಸೆಟ್ಟನ್ನು ನಾಲಗೆ ಸದಾ ನೂಕುತ್ತಿರುತ್ತದೆ. ಆದ್ದರಿಂದಲೇ ದೂರು ಯಾವಾಗಲೂ ಕೆಳಗಿನದರ ಮೇಲೆ.

ಇದಕ್ಕೆ ಪರಿಹಾರ ಅಂಟು ಪೇಸ್ಟಿನ ಟ್ಯೂಬುಗಳಲ್ಲ. ಅದನ್ನು ಸ್ವಲ್ಪ ಬಳಸಬಹುದು, ದಿನವೂ ಪೂರ್ತಿ ತೊಳೆದು ತೆಗೆಯಬೇಕು. ಹೆಚ್ಚು ಹೆಚ್ಚು ಬೇಕಾಗುತ್ತಿದೆಯೆಂದರೆ ಸೆಟ್ ಸಡಿಲವಾಗಿದೆಯೆಂದೇ ಅರ್ಥ. ವೈದ್ಯರು ಒಳಮೈಗೆ ಹೊಸ ಪದರ ಕೊಟ್ಟು ಸರಿಪಡಿಸಬಹುದು, ಇಲ್ಲವೇ ಹೊಸದು ಮಾಡಬೇಕು. ಮನೆಯಲ್ಲೇ ಉಪ್ಪುಕಾಗದದಿಂದ ತಿಕ್ಕುವುದು, ಮುರಿದದ್ದನ್ನು ಅಂಗಡಿಯ ಅಂಟಿನಿಂದ ಹಚ್ಚುವುದು ಖಂಡಿತ ಕೂಡದು. ಹಲ್ಲಿಲ್ಲದಿದ್ದರೂ ವರ್ಷಕ್ಕೊಮ್ಮೆ ದಂತವೈದ್ಯರಿಗೆ ತೋರಿಸಬೇಕು. ಖರ್ಚಿನ ಚಿಂತೆ ಇರುವವರು ದಂತ ಕಾಲೇಜುಗಳಿಗೆ ಹೋಗಬಹುದು. ಮುಂಬಯಿಯಲ್ಲಿ ಪಾಲಿಕೆಯ ನಾಯರ್ ದಂತ ಕಾಲೇಜೂ, ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದ ಸರ್ಕಾರಿ ದಂತ ಕಾಲೇಜೂ ಇವೆ. ಅಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಸೆಟ್ ಮಾಡುತ್ತಾರೆ. ನಾಲ್ಕೈದು ಸಲ ಹೋಗಬೇಕಾಗುತ್ತದೆ. ಅಜ್ಜನ ಜತೆಗೆ ರಜೆಯಲ್ಲಿ ಹೋಗಲು ನಿಮಗಿಂತ ಒಳ್ಳೆಯ ಸಂಗಾತಿ ಬೇರಾರು?

ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ ಬಾಯಲ್ಲಿದ್ದರೆ ತಡಮಾಡದೆ ತೋರಿಸಿ. 'ಸೆಟ್ ತಾಗಿ ಆಗಿದೆ' ಎಂದು ಬಿಡಬೇಡಿ. ಎಲೆ ಅಡಿಕೆ, ತಂಬಾಕಿನ ಅಭ್ಯಾಸವಿದ್ದವರಲ್ಲಂತೂ ಬಿಡಲೇಬಾರದು. ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ.

ಇನ್ನೊಂದು ಮಾತು. ಯಾವುದೇ ಶಸ್ತ್ರಕ್ರಿಯೆಗೆ ಮುಂಚೆ ಮನೆಯ ಹಿರಿಯರಿಗೆ ಸೆಟ್ ಇದೆಯೆಂದು ನೀವೇ ವೈದ್ಯರಿಗೆ ತಿಳಿಸಿ. ಇಂಗ್ಲೆಂಡಿನಲ್ಲಿ 72 ವರ್ಷದ ಒಬ್ಬರ ಭಾಗಶಃ ಸೆಟ್ ಶಸ್ತ್ರಕ್ರಿಯೆಯ ವೇಳೆ ಗಂಟಲಿಗೆ ಇಳಿದು, ಎಂಟು ದಿನ ಯಾರಿಗೂ ತಿಳಿಯದೆ ಅಲ್ಲೇ ಇದ್ದ ಪ್ರಕರಣ 2019ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಬರಿಯ ಅಕ್ರಿಲಿಕ್ ಸಾಮಾನ್ಯ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದೂ ಇಲ್ಲ.

ಊಟ ಮತ್ತು ಮಾತು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ನಮ್ಮಲ್ಲಿದೆ. ಎರಡಕ್ಕೂ ಬಾಯಿಯೇ ಬೇಕು. ಪೂರ್ಣ ಸೆಟ್ ಹಾಕಿದವರ ಕಚ್ಚುವ ಬಲ ಸ್ವಂತ ಹಲ್ಲಿನವರ ಬಲದ ನಾಲ್ಕನೆಯ ಒಂದು ಪಾಲಿನಷ್ಟೇ. ಆದ್ದರಿಂದ ಅವರಿಗೆ ಊಟಕ್ಕೆ ಸಮಯ ಕೊಡಿ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಹಣ್ಣು ತರಕಾರಿಗಳನ್ನು ಸಣ್ಣಗೆ ಹೆಚ್ಚಿ, ಶೇಂಗಾವನ್ನು ಪುಡಿ ಮಾಡಿ ಕೊಡಿ. ಎರಡೂ ಕಡೆಯಿಂದ ಅಗಿಯಲು ಹೇಳಿ. ಚಹಾ ಬಿಸ್ಕತ್ತಿನಲ್ಲೇ ದಿನ ಕಳೆದರೆ ಮೈಯ ಶಕ್ತಿ ಇಳಿಯುತ್ತದೆ. ಬೇಳೆ, ಮೊಸರು, ಬೇಯಿಸಿದ ತರಕಾರಿ ತಟ್ಟೆಯಲ್ಲಿರಲಿ.

ಇನ್ನು ಮಾತು. ನಮ್ಮ ವರ್ಣಮಾಲೆಯಲ್ಲಿ ತ, ಥ, ದ, ಧ, ನ ಇವುಗಳಿಗೆ ದಂತ್ಯಗಳು ಎಂದೇ ಹೆಸರು. ನಾಲಗೆಯ ತುದಿ ಮೇಲಿನ ಹಲ್ಲಿನ ಹಿಂಬದಿಗೆ ತಾಗಿ ಹುಟ್ಟುವ ಅಕ್ಷರಗಳಿವು. ಸೆಟ್ ಸಡಿಲವಾದಾಗ 'ತಂದಾನ' ಎಂಬ ಸಣ್ಣ ಮಾತೂ ಜಾರುತ್ತದೆ, 'ಸ' ಸೀಟಿಯಾಗುತ್ತದೆ. ಎದುರಿಗಿದ್ದವರು "ಏನು? ಏನು?" ಎಂದು ಎರಡು ಸಲ ಕೇಳಿದರೆ ಹಿರಿಯರು ಮೂರನೆಯ ಸಲ ಸುಮ್ಮನಾಗುತ್ತಾರೆ. ನಮ್ಮ ಮನೆಯಲ್ಲಿ ಕಥೆಗಳು ನಿಂತದ್ದು ಹಾಗೆ. ಊರಿನಲ್ಲಾದರೆ ಕನ್ನಡ ಬೀದಿಯಿಂದಲೂ ಕಿವಿಗೆ ಬೀಳುತ್ತದೆ. ಮುಂಬಯಿ, ಪುಣೆಯಲ್ಲಿ ಬೆಳೆಯುವ ನಿಮಗೆ ಅದು ಮನೆಯ ಒಂದಿಬ್ಬರು ಹಿರಿಯರ ಬಾಯಿಂದ ಮಾತ್ರ ಬರಬೇಕು. ಆ ಬಾಯಿ ಮುಚ್ಚಿದರೆ ನಷ್ಟ ಅವರೊಬ್ಬರದ್ದಲ್ಲ.

ಅತ್ತೆಯವರಿಗೆ ಅಂಗುಳ ವಾಸಿಯಾದ ಮೇಲೆ ಹೊಸ ಸೆಟ್ ಮಾಡಿದೆ. ಹೊಸ ಸೆಟ್ ಹಾಕಿದವರು ದಿನವೂ ಸ್ವಲ್ಪ ಹೊತ್ತು ಗಟ್ಟಿಯಾಗಿ ಓದಬೇಕು, ನಾಲಗೆಗೆ ಹೊಸ ಹಲ್ಲಿನ ಪರಿಚಯವಾಗುವವರೆಗೆ. ಇದು ನಾವು ಎಲ್ಲರಿಗೂ ಕೊಡುವ ಸಲಹೆ. ಅವರಿಗೆ ಕಣ್ಣು ಮಂಜು, ಅಕ್ಷರ ಕಾಣದು. ಮಗನಿಗೆ ಕಣ್ಣು ಚೆನ್ನಾಗಿದೆ, ಆದರೆ ಕನ್ನಡ ಓದು ತಡವರಿಸುತ್ತದೆ. ಹಾಗಾಗಿ ಅವನು ಈ ಪತ್ರಿಕೆಯ ಒಂದೊಂದು ವಾಕ್ಯವನ್ನು ಕೂಡಿಸಿ ಕೂಡಿಸಿ ಓದುವುದು, ಅವರು ಅದನ್ನು ಗಟ್ಟಿಯಾಗಿ ಹೇಳುವುದು ಎಂದಾಯಿತು. ಮೊದಲ ವಾರ ಇಬ್ಬರೂ ತೊದಲಿದರು. ಅವನು ಒತ್ತಕ್ಷರ ತಪ್ಪಿದರೆ ಅವರು ತಿದ್ದುತ್ತಿದ್ದರು, ಅವರ 'ಸ' ಸೀಟಿ ಹೊಡೆದರೆ ಇಬ್ಬರೂ ಸೇರಿ ನಗುತ್ತಿದ್ದರು. ಆರು ವರ್ಷದ ಹಿಂದಿನ ನಗುವೇ ಬೇರೆ, ಈ ನಗುವೇ ಬೇರೆ.

ಮುಚ್ಚಳದ ನೀಲಿ ಡಬ್ಬಿಯನ್ನು ಮಗನೇ ಔಷಧದಂಗಡಿಯಿಂದ ತಂದ. ರಾತ್ರಿ ಒಂಬತ್ತೂವರೆಗೆ ಅದರಲ್ಲಿ ನೀರು ತುಂಬಿ ಅಜ್ಜಿಯ ತಲೆದಿಂಬಿನ ಬಳಿ ಇಟ್ಟು, ದೀಪ ಆರಿಸಿ, ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಆಮೇಲೆ ಡಬ್ಬಿಯೊಳಗೆ 'ಟಣ್' ಎಂದು ಸದ್ದಾಗುತ್ತಿತ್ತು. ಕೆಲವು ತಿಂಗಳ ನಂತರ ಅತ್ತೆಯವರೇ, "ಯಾಕೋ, ಗ್ವಾಡಿ ನೋಡ್ತೀ? ಈ ಕಡೆ ತಿರುಗು, ಒಂದು ಕಥಿ ಹೇಳ್ತೀನಿ" ಎಂದರಂತೆ. ಹಲ್ಲಿಲ್ಲದ ಬಾಯಿಯಲ್ಲೇ ಕಥೆ ಹೇಳಿದರಂತೆ. ಅವನಿಗೆ ಅರ್ಧ ತಿಳಿಯಲಿಲ್ಲವಂತೆ, ಆದರೂ ಕೊನೆಯವರೆಗೆ ಕೇಳಿದನಂತೆ.

ಈ ತಿಂಗಳು ನೀವು ಮಾಡಬೇಕಾದದ್ದು ಇಷ್ಟೆ. ಮನೆಯಲ್ಲಿ ಸೆಟ್ ಹಾಕುವ ಹಿರಿಯರಿದ್ದರೆ ಮುಚ್ಚಳವಿರುವ ಒಂದು ಡಬ್ಬಿ, ಒಂದು ಮೆತ್ತನೆಯ ಬ್ರಷ್ ತಂದುಕೊಡಿ. ರಾತ್ರಿ ಅವರಿಗೆ ಹತ್ತು ನಿಮಿಷ ಬಾತ್‌ರೂಮು ಬಿಟ್ಟುಕೊಡಿ. ಕಳೆದ ಸಲ ದಂತವೈದ್ಯರನ್ನು ಕಂಡದ್ದು ಯಾವಾಗ ಎಂದು ಕೇಳಿ. ಎಲ್ಲರೆದುರು ಕೇಳಬೇಡಿ, ಅವರೊಬ್ಬರೇ ಇದ್ದಾಗ ಕೇಳಿ. ವಾರ್ಷಿಕೋತ್ಸವದಲ್ಲಿ ಸಿಕ್ಕ ಹುಡುಗಿಗೂ ಇದೇ ನನ್ನ ಉತ್ತರ.

ಮುಂದಿನ ಸಂಚಿಕೆಯಲ್ಲಿ ಅಕ್ಕಲ ಹಲ್ಲಿನ ಕಾಟದ ಬಗ್ಗೆ ಬರೆಯುತ್ತೇನೆ.